ಎರೆಹೊಲದ ಶೇಂಗಾ ಹಳದಿ: ಬೇರಿನ ಹುಳಿ ಎಲ್ಲಿ ಸೋಲುತ್ತದೆ?

ಕೇಳಿದ್ದು: ಗದಗ ಕಡೆಯ ಎರೆಹೊಲ, ಮಣ್ಣಿನ ರಸಸಾರ (pH) 8.4. ಬಿತ್ತಿ ತಿಂಗಳಾದ ಶೇಂಗಾ. ಜೋರು ಮಳೆ ಬಿದ್ದ ಮೇಲೆ ಕುಡಿ ಎಲೆಗಳೆಲ್ಲ ಹಳದಿ. ಯೂರಿಯಾ ಕೊಟ್ಟರೂ ಹಸಿರಾಗಲಿಲ್ಲ. ಪಕ್ಕದ ಗೋವಿನಜೋಳ ಚೆನ್ನಾಗಿಯೇ ಇದೆ. ಬಲ್ಲವರು ತಿಳಿಸಿ.

ಉತ್ತರ: ಸಾರಜನಕದ ಕೊರತೆ ಕೆಳಗಿನ ಹಳೆ ಎಲೆಯಿಂದ ಶುರುವಾಗುತ್ತದೆ. ಕುಡಿ ಎಲೆ ಹಳದಿ, ನರ ಮಾತ್ರ ಹಸಿರು ಎಂದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಕರಗದ ರೂಪದಲ್ಲಿದೆ. ಶೇಂಗಾದ ಬೇರುತುದಿ ಪ್ರೋಟಾನ್ (ಹುಳಿಯ ಕಣ) ಹೊರಹಾಕಿ ಸುತ್ತಲಿನ ಮಣ್ಣನ್ನು ಹುಳಿ ಮಾಡುತ್ತದೆ; ರಸಸಾರ ಒಂದು ಅಂಕ ಇಳಿದರೆ ಫೆರಿಕ್ ಕಬ್ಬಿಣ (ಆ ಕರಗದ ರೂಪ) ಸಾವಿರ ಪಟ್ಟು ಹೆಚ್ಚು ಕರಗುತ್ತದೆ. ಅದನ್ನು ಬೇರಿನ ಮೇಲ್ಮೈಯ ಕಿಣ್ವ ಫೆರಸ್ (ಶೇಂಗಾ ಹೀರಬಲ್ಲ ರೂಪ) ಆಗಿ ಬದಲಿಸಬೇಕು, ಆಮೇಲೆಯೇ ಒಳಕ್ಕೆ. ಸುಣ್ಣದ ಮಣ್ಣಿನಲ್ಲಿ ಬೈಕಾರ್ಬೊನೇಟ್ ಈ ಪ್ರೋಟಾನುಗಳನ್ನು ಬೇರಿನ ಬುಡದಲ್ಲೇ ನುಂಗಿಬಿಡುತ್ತದೆ. ನೀರು ನಿಂತಾಗ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಬೈಕಾರ್ಬೊನೇಟ್ ಇನ್ನೂ ಏರುತ್ತದೆ. ಮಳೆಯ ಬೆನ್ನಿಗೇ ಹಳದಿ ಕಂಡದ್ದು ಇದಕ್ಕೇ. ಮೊದಲು ಬಸಿಗಾಲುವೆ ತೆಗೆಯಿರಿ.

ಗೋವಿನಜೋಳದ ದಾರಿ ಬೇರೆ. ಅದರ ಬೇರು ಫೆರಿಕ್ ಕಬ್ಬಿಣವನ್ನೇ ಹಿಡಿಯುವ ಸಂಯುಕ್ತಗಳನ್ನು ಸ್ರವಿಸಿ, ಹಿಡಿದದ್ದನ್ನು ಹಾಗೆಯೇ ಒಳಗೆ ಎಳೆದುಕೊಳ್ಳುತ್ತದೆ. ಎರಡರ ಬೇರುಗಳೂ ಹೆಣೆದುಕೊಳ್ಳುವಷ್ಟು ಹತ್ತಿರ ಅಂತರಬೆಳೆಯಾಗಿ ಬಿತ್ತಿದರೆ ಶೇಂಗಾದ ಹಳದಿ ಕಡಿಮೆಯಾಗುತ್ತದೆ. ಉತ್ತರ ಚೀನಾದ ಸುಣ್ಣದ ಮಣ್ಣುಗಳಲ್ಲಿ ಇದು ಚೆನ್ನಾಗಿ ಕಂಡುಬಂದಿದೆ.

ಉತ್ತರ: ಈಗಿನ ಬೆಳೆಗೆ ಸಿಂಪರಣೆಯೇ ದಾರಿ. 15 ಲೀಟರ್ ಟ್ಯಾಂಕಿಗೆ 15 ಗ್ರಾಂ ಸಿಟ್ರಿಕ್ ಆಮ್ಲ ಮೊದಲು ಕರಗಿಸಿ, ನಂತರ 75 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್). ಕ್ರಮ ತಪ್ಪಿಸಬೇಡಿ: ಬೋರ್‌ವೆಲ್ಲಿನ ಗಡಸು ನೀರಿಗೆ ಅನ್ನಭೇದಿ ನೇರ ಬಿದ್ದರೆ ಕಂದು ಗಸಿಯಾಗಿ ಕೂರುತ್ತದೆ. ಹರಳು ತಿಳಿಹಸಿರು ಇರಬೇಕು. ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ತರಬೇಡಿ. ಸಂಜೆ ಹೊಡೆಯಿರಿ, 8–10 ದಿನ ಬಿಟ್ಟು ಮತ್ತೊಮ್ಮೆ. ಡಿಎಪಿ ಬೆರೆಸಿದರೆ ಕಬ್ಬಿಣ ಫಾಸ್ಫೇಟಾಗಿ ಗಟ್ಟಿಯಾಗುತ್ತದೆ. ಹನಿ ಬಿದ್ದಲ್ಲಿ ಮಾತ್ರ ಹಸಿರು ಚುಕ್ಕೆ ಎದ್ದರೆ ರೋಗನಿರ್ಣಯ ಸರಿ, ಎಲೆ ಪೂರ್ತಿ ನೆನೆದಿಲ್ಲ ಅಷ್ಟೆ. ಸಿಂಪಡಿಸಿದ ಮೇಲೆ ಬರುವ ಹೊಸ ಎಲೆ ಮತ್ತೆ ಹಳದಿಯಾಗಬಹುದು, ಹಳೆ ಎಲೆಯ ಕಬ್ಬಿಣ ಕುಡಿಗೆ ಹರಿಯುವುದಿಲ್ಲ.

ಮರುಪ್ರಶ್ನೆ: ಗಂಧಕವನ್ನೋ ಜಿಪ್ಸಂ ಅನ್ನೋ ಹಾಕಿ ಮಣ್ಣನ್ನೇ ಹುಳಿ ಮಾಡಬಾರದೆ?

ಉತ್ತರ: ಜಿಪ್ಸಂ ತಟಸ್ಥ ಲವಣ, ಸುಣ್ಣವನ್ನು ಕರಗಿಸದು. ಹೂ ಬಿಡುವಾಗ ಕಾಯಿಗೆ ಸುಣ್ಣಾಂಶ ಬೇಕೆಂದು ಕೊಡಿ, ಅದು ಬೇರೆ ಮಾತು. ಗಂಧಕದ ಲೆಕ್ಕ ನೋಡಿ: ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 800 ಟನ್. ಅದರಲ್ಲಿ ಶೇ. 1ರಷ್ಟು ಸುಣ್ಣವಿದ್ದರೂ 8 ಟನ್. ಅದನ್ನು ಕರಗಿಸಲು ಎರಡೂವರೆ ಟನ್ ಗಂಧಕ ಬೇಕು. ಇಡೀ ಹೊಲ ಬಿಡಿ, ಬೇರಿನ ಸುತ್ತಲಿನ ಕೆಲವು ಮಿಲಿಮೀಟರ್ ಹುಳಿಯಾದರೆ ಸಾಕು. ಅಮೋನಿಯಂ ಹೀರುವಾಗ ಬೇರು ಪ್ರೋಟಾನ್ ಬಿಡುತ್ತದೆ, ನೈಟ್ರೇಟ್ ಹೀರುವಾಗ ಅದರ ಉಲ್ಟಾ. ಹಾಗಾಗಿ ಬಿತ್ತುವಾಗ ಕೊಡುವ ಸಾರಜನಕ ಅಮೋನಿಯಂ ಸಲ್ಫೇಟ್ ರೂಪದಲ್ಲಿರಲಿ, ಬೀಜದ ಪಕ್ಕ 5 ಸೆಂ.ಮೀ. ಆಳದ ಸಾಲಿನಲ್ಲಿ. ಮೇಲೆ ಎರಚಿದರೆ ಈ ಮಣ್ಣಿನಲ್ಲಿ ಅಮೋನಿಯಾ ಗಾಳಿಗೆ ಹೋಗುತ್ತದೆ. ಪರಿಣಾಮ ಕೆಲವು ವಾರ ಮಾತ್ರ, ಸೂಕ್ಷ್ಮಾಣುಗಳು ಅದನ್ನೂ ನೈಟ್ರೇಟ್ ಮಾಡುತ್ತವೆ. ಹೆಚ್ಚು ಕೊಡಬೇಡಿ: ಗಾಳಿಯ ಸಾರಜನಕ ಹಿಡಿಯುವ ಶೇಂಗಾ ಬೇರು ತಾನಾಗಿಯೇ ಪ್ರೋಟಾನ್ ಬಿಡುತ್ತದೆ, ಗೊಬ್ಬರ ಅತಿಯಾದರೆ ಬೇರುಗಂಟು ಕಟ್ಟುವುದು ಕುಗ್ಗುತ್ತದೆ.

ಉತ್ತರ: ಬೇರು ಹುಳಿ ಬಿಡುವುದನ್ನು ಕಣ್ಣಾರೆ ನೋಡಬಹುದು, ಶಾಲಾ ಪ್ರಯೋಗಾಲಯವಿದ್ದರೂ ಸಾಕು. ಒಂದು ಲೀಟರ್ ನೀರಿಗೆ 7.5 ಗ್ರಾಂ ಅಗರ್ (ಆರಿದರೆ ಲೋಳೆಯಂತೆ ಗಟ್ಟಿಯಾಗುವ ಪುಡಿ) ಕುದಿಸಿ, 0.06 ಗ್ರಾಂ ಬ್ರೋಮೊಕ್ರೆಸಾಲ್ ಪರ್ಪಲ್ (ರಸಸಾರಕ್ಕೆ ತಕ್ಕಂತೆ ಬಣ್ಣ ಬದಲಿಸುವ ಸೂಚಕ) ಬೆರೆಸಿ, ರಸಸಾರವನ್ನು 6ಕ್ಕೆ ತನ್ನಿ. 40 ಡಿಗ್ರಿಗೆ ಆರಿದ ಮೇಲೆ ಮೊಳಕೆಯ ಬೇರಿನ ಮೇಲೆ ತೆಳುವಾಗಿ ಸುರಿಯಿರಿ. ಇನ್ನೂ ಬಿಸಿಯಿದ್ದರೆ ಬೇರು ಸಾಯುತ್ತದೆ. ಕೆಲವು ಗಂಟೆಗಳಲ್ಲಿ ಹುಳಿ ಬಿಟ್ಟಲ್ಲೆಲ್ಲ ಹಳದಿ ಪ್ರಭೆ, ಕ್ಷಾರವಾದಲ್ಲಿ ನೇರಳೆ. ಕಡಲೆ ಮೊಳಕೆಯಲ್ಲಿ ಬಲು ಸ್ಪಷ್ಟವಾಗಿ ಕಾಣುತ್ತದೆ. ಎರೆಮಣ್ಣಿನಿಂದ ಕಿತ್ತ ಬೇರಾದರೆ ಚೆನ್ನಾಗಿ ತೊಳೆಯಿರಿ, ಅಂಟಿದ ಸುಣ್ಣದ ಹರಳೊಂದೇ ಸುತ್ತಲಿನ ಅಗರನ್ನು ನೇರಳೆ ಮಾಡಿಬಿಡುತ್ತದೆ.