ಅಪ್‌ಡೇಟ್: ಕೋಲ್ಡ್ ಪ್ರೆಸ್‌ನಲ್ಲಿ ಪಂಪ್ ಸದ್ದು, ನಿಲ್ಲದ ಪ್ರೆಶರ್

ಪ್ಲೈವುಡ್ ಒತ್ತುವ ಕೋಲ್ಡ್ ಪ್ರೆಸ್‌ನ ಹೈಡ್ರಾಲಿಕ್ ಪಂಪ್ ಕೂಗುತ್ತಿದೆ, 150 ಬಾರ್‌ಗೆ ಏರಿಸಿದ ಪ್ರೆಶರ್ ನಿಲ್ಲದೆ ಇಳಿಯುತ್ತಿದೆ ಎಂದು ಕೇಳಿದ್ದೆ. ಎರಡಕ್ಕೂ ಕಾರಣ ಮರದ ಪುಡಿ.

ಆಯಿಲ್ ಟ್ಯಾಂಕಿನ ಬ್ರೀದರ್ ಫಿಲ್ಟರ್ (ಒಳಗೆ ಬರುವ ಗಾಳಿಯನ್ನು ಸೋಸುವುದು) ಹರಿದಿತ್ತು. ಪ್ಲೇಟನ್ (ಹಲಗೆ ಒತ್ತುವ ಚಪ್ಪಟೆ ತಟ್ಟೆ) ಏರಿದಾಗಲೆಲ್ಲ ಆಯಿಲ್ ಮಟ್ಟ ಇಳಿದು ಹೊರಗಿನ ಗಾಳಿ ಒಳಗೆ ಹೋಗುತ್ತದಲ್ಲ, ಅದರ ಜೊತೆ ಸ್ಯಾಂಡಿಂಗ್ ಧೂಳೂ ಹೋಗಿದೆ. ಪಂಪ್ ಎಳೆಯುವ ಆಯಿಲನ್ನು ಸೋಸುವ ಸಕ್ಷನ್ ಸ್ಟ್ರೈನರ್ ಜಾಲರಿಯ ಮೇಲೆ ಕಂದು ಪೇಸ್ಟ್, ಉಗುರಿನಿಂದ ಕೆರೆದರೆ ಹಾಳೆಯಂತೆ ಏಳುವಷ್ಟು ದಪ್ಪ. ಆಯಿಲ್ ಸಾಲದೆ ಪಂಪ್ ಕೂಗುತ್ತಿತ್ತು.

ಪ್ಲೇಟನ್ ಕೆಳಗಿಳಿಸಿ, ಮೇನ್ ಆಫ್ ಮಾಡಿ, ಗೇಜ್ ಸೊನ್ನೆಗೆ ಬಂದ ಮೇಲೆಯೇ ನಟ್ ಬಿಚ್ಚಿ. ಟ್ಯಾಂಕ್ ತಳವನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ. ಕಾಟನ್ ವೇಸ್ಟ್ ಬೇಡವೇ ಬೇಡ, ಅದರ ಎಳೆ ವಾಲ್ವ್‌ಗೆ ಸಿಕ್ಕಿಕೊಳ್ಳುತ್ತದೆ. ಹೊಸ ಐಎಸ್‌ಒ ವಿಜಿ 46 (ಆಯಿಲ್ ಎಷ್ಟು ಮಂದ ಎಂದು ಹೇಳುವ ಗ್ರೇಡ್) ಆಯಿಲನ್ನೂ 10 ಮೈಕ್ರಾನ್ ಫಿಲ್ಟರ್ ಮೂಲಕವೇ ತುಂಬಿ, ಡ್ರಮ್ಮಿನಲ್ಲಿ ಬರುವುದು ಅಷ್ಟು ಶುದ್ಧ ಇರುವುದಿಲ್ಲ. ಲೋಡ್ ಇಲ್ಲದೆ 5–6 ಸಲ ಪೂರ್ತಿ ಏರಿಳಿಸಿ ಗಾಳಿ ಹೊರಹಾಕಿದ ಮೇಲೆ ಕೂಗು ನಿಂತಿತು.

ಪ್ರೆಶರ್ ಮಾತ್ರ ಇನ್ನೂ ಇಳಿಯುತ್ತಿತ್ತು. ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಬಿಚ್ಚಿದರೆ, ಅದು ಮುಚ್ಚಿ ಕೂರುವ ಸೀಟಿನ ಮೇಲೆ ಕೂದಲಿನಷ್ಟು ತೆಳ್ಳಗಿನ ಮರದ ನಾರು! ತೊಳೆದು, ಓ-ರಿಂಗ್ ಬದಲಿಸಿ ಕೂರಿಸಿದೆ. ಈಗ ಅರ್ಧ ಗಂಟೆಗೆ 3 ಬಾರ್ ಇಳಿಯುತ್ತದೆ ಅಷ್ಟೆ. ಗ್ಲೂ ಹಿಡಿಯುವವರೆಗೆ ಏನೂ ತೊಂದರೆಯಿಲ್ಲ.