ಸಹಾಯ ಬೇಕು: ಅಮ್ಮನನ್ನು ಕರೆದುಕೊಂಡು ಸಿವಾಕ್ಕೆ ಹೋಗಬಹುದಾ?

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಮ್ಮನ ಜೊತೆ ಈಜಿಪ್ಟ್‌ಗೆ ಹೊರಟಿದ್ದೇನೆ. ಗೀಜಾ, ಲಕ್ಸರ್ ಹೇಗೋ ಆಗುತ್ತದೆ. ತಲೆನೋವಾಗಿರುವುದು ಸಿವಾ ಓಯಸಿಸ್. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ದೈವದ ಮಾತು ಕೇಳಲು ಹೋದ ಅಮುನ್ ಗುಡಿ ಇರುವುದು ಅಲ್ಲೇ. ಉಪ್ಪು ಬೆರೆತ ಮಣ್ಣಿನಲ್ಲಿ ಕಟ್ಟಿದ ಶಾಲಿ ಕೋಟೆಯನ್ನೂ ನೋಡುವ ಆಸೆ. ಆದರೆ ಕೈರೋದಿಂದ ಸಮುದ್ರ ತೀರದ ಮರ್ಸಾ ಮತ್ರೂಹ್ ಊರಿನ ದಾರಿಯಲ್ಲಿ 700 ಕಿ.ಮೀ.ಗೂ ಜಾಸ್ತಿ. ಅಮ್ಮನಿಗೆ 66, ಮಂಡಿನೋವು ಬೇರೆ. ರಾತ್ರಿ ಬಸ್ಸು ಹಿಡಿಯುವುದಾ, ಕಾರು ಮಾಡಿಕೊಂಡು ಮತ್ರೂಹ್‌ನಲ್ಲಿ ಒಂದು ರಾತ್ರಿ ಉಳಿಯುವುದಾ? ಇಲ್ಲಾ, ಸಿವಾ ಕೈಬಿಟ್ಟು ಬಹರಿಯಾ ಓಯಸಿಸ್ ಕಡೆಯಿಂದ ಬಿಳಿ ಮರುಭೂಮಿ ನೋಡಿ ಬಂದರೆ ಸಾಕಾ? ಅಲ್ಲಿನ ಪರ್ಮಿಟ್ ಎಷ್ಟು ದಿನ ಮೊದಲೇ ಮಾಡಿಸಬೇಕು?

ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಕೈರೋದಲ್ಲಾದರೆ ಅನ್ನ, ಬೇಳೆ, ಮ್ಯಾಕರೋನಿ ಹಾಕಿದ ಕೊಶರಿ ಸಿಗುತ್ತದೆ. ಸಿವಾದಲ್ಲಿ ಬರೀ ಖರ್ಜೂರ ತಿಂದುಕೊಂಡು ಇರಬೇಕಾ? ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ ಪ್ಲೀಸ್.