ಪಂಥದಿಂದ ಹೊರಬಂದ ಮೇಲೆ, ಈ ಯೋಚನೆ ನನ್ನದೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ:
ಹನ್ನೊಂದು ವರ್ಷ ಕಟ್ಟುನಿಟ್ಟಿನ ಧಾರ್ಮಿಕ ಪಂಥವೊಂದರಲ್ಲಿದ್ದು, ಎರಡು ವರ್ಷಗಳ ಹಿಂದೆ ಹೊರಬಂದೆ. ಅದಕ್ಕಾಗಿ ಪಶ್ಚಾತ್ತಾಪವಿಲ್ಲ. ಆದರೆ ದೇವರ ಬಗ್ಗೆ ನಿಮಗೇನನ್ನಿಸುತ್ತದೆ ಎಂದು ಯಾರಾದರೂ ಕೇಳಿದರೆ ಮೊದಲು ಬಾಯಿಗೆ ಬರುವುದು ಅಲ್ಲಿ ಕಲಿಸಿದ ವಾಕ್ಯ. ಅದನ್ನು ತಡೆದರೆ ಬರುವುದು ಅದಕ್ಕೆ ನೇರ ವಿರುದ್ಧವಾದ ವಾಕ್ಯ. ಕಳೆದ ವರ್ಷ ನಾಸ್ತಿಕರೊಬ್ಬರ ಭಾಷಣಗಳನ್ನು ಒಂದೂ ಬಿಡದೆ ಕೇಳಿದೆ. ಹಿಂದೆ ಪ್ರವಚನಗಳನ್ನು ಬರೆದುಕೊಳ್ಳುತ್ತಿದ್ದಷ್ಟೇ ವಿಧೇಯತೆಯಿಂದ ಅವರ ಮಾತನ್ನೂ ಬರೆದುಕೊಳ್ಳುತ್ತಿದ್ದೇನೆಂದು ಒಂದು ದಿನ ಹೊಳೆದು ನಾಚಿಕೆಯಾಯಿತು. ಪ್ರಾರ್ಥಿಸಬೇಕೆಂಬ ಆಸೆ ಈಗಲೂ ಆಗಾಗ ಬರುತ್ತದೆ. ಅದು ಭಕ್ತಿಯೋ, ಅಭ್ಯಾಸವೋ, ಭಯವೋ ಹೇಳಲಾರೆ. ಇವುಗಳನ್ನು ಬೇರ್ಪಡಿಸಿಕೊಂಡವರಿದ್ದರೆ ದಯವಿಟ್ಟು ತಿಳಿಸಿ.

ಮೊದಲ ಉತ್ತರ:
ವಾಕ್ಯಗಳ ವಿಷಯವನ್ನು ನೀವೇ ಎತ್ತಿದ್ದೀರಿ. ಗಂಟು ಇರುವುದೂ ಅಲ್ಲಿಯೇ. ಚೀನಾದಲ್ಲಿ ಒತ್ತಡ ಹೇರಿ ನಂಬಿಕೆಗಳನ್ನು ಬದಲಿಸುವ ‘ವಿಚಾರ ಪರಿವರ್ತನೆ’ಗೆ ಒಳಗಾದವರನ್ನು ಸಂದರ್ಶಿಸಿದ ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ ಅವರು 1961ರಲ್ಲಿ ಇಂಥ ವ್ಯವಸ್ಥೆಗಳ ಎಂಟು ಲಕ್ಷಣಗಳನ್ನು ವಿವರಿಸಿದರು. ಅವುಗಳಲ್ಲೊಂದು ಭಾಷೆಗೆ ಸಂಬಂಧಿಸಿದ್ದು: ಜಟಿಲವಾದ ಸಮಸ್ಯೆಯನ್ನು ಸುಲಭವಾಗಿ ಬಾಯಿಪಾಠವಾಗುವ ನುಡಿಗಟ್ಟಿಗೆ ಇಳಿಸಿದಾಗ, ಯೋಚನೆ ಆ ನುಡಿಗಟ್ಟಿನಲ್ಲಿಯೇ ಹುಟ್ಟಿ ಅಲ್ಲಿಯೇ ನಿಂತುಬಿಡುತ್ತದೆ. ನಮ್ಮ ಗುಂಪಿನಲ್ಲಿ ಯಾವ ಸಂದೇಹಕ್ಕೂ ‘ಅದು ಅಹಂಕಾರ’ ಎಂಬ ಒಂದೇ ಉತ್ತರವಿತ್ತು.

ಹೊರಬಂದ ಮೇಲೆ, ಅಲ್ಲಿನ ಒಂದು ಪದವನ್ನೂ ಬಳಸದೆ ನನ್ನ ಸಂದೇಹವನ್ನು ಬರೆಯಬೇಕೆಂದು ನಿಯಮ ಮಾಡಿಕೊಂಡೆ. ‘ನಾನು ಪತನವಾಗುತ್ತಿದ್ದೇನೆಯೇ’ ಎಂಬ ಪ್ರಶ್ನೆಯಿಂದ ‘ಪತನ’ವನ್ನು ತೆಗೆದಾಗ ಉಳಿದದ್ದು, ಅಲ್ಲಿನ ಗೆಳೆಯರು ಇನ್ನು ನನ್ನೊಡನೆ ಮಾತನಾಡುವುದಿಲ್ಲವೆಂಬ ದುಃಖ. ಅದು ದೇವರ ಪ್ರಶ್ನೆಯೇ ಆಗಿರಲಿಲ್ಲ.

ಎರಡನೆಯ ಉತ್ತರ:
ಮೇಲಿನ ಸಲಹೆಯನ್ನು ಒಪ್ಪುತ್ತೇನೆ. ಆದರೆ ಯಾರ ಸೋಂಕೂ ಇಲ್ಲದ ಯೋಚನೆಯನ್ನು ಹುಡುಕಹೊರಟರೆ ಅದು ಮತ್ತೊಂದು ಬಗೆಯ ಮಡಿಯಾದೀತು. ಕೇಳಿಬಂದ ಮಾತೆಂದಾಗಲಿ, ಗ್ರಂಥದಲ್ಲಿದೆಯೆಂದಾಗಲಿ, ‘ಈ ಶ್ರಮಣ ನಮ್ಮ ಗುರು’ ಎಂದಾಗಲಿ ಒಪ್ಪಬೇಡಿರೆಂದು ಬುದ್ಧನು ಕಾಲಾಮರೆಂಬ ಜನರಿಗೆ ಹೇಳಿದ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಬರಿಯ ತರ್ಕವನ್ನೂ ಅವನು ಅದೇ ಪಟ್ಟಿಗೆ ಸೇರಿಸಿದನೆಂಬುದನ್ನೂ, ವಿವೇಕಿಗಳು ಏನನ್ನು ಖಂಡಿಸುತ್ತಾರೆಂದು ನೋಡಿರೆಂದನೆಂಬುದನ್ನೂ ಬಹಳ ಮಂದಿ ಬಿಟ್ಟುಬಿಡುತ್ತಾರೆ. ಅಂದರೆ ಇತರರ ಮಾತು ಕೇಳಬಹುದು. ಕೇಳಿದ್ದು ಲೋಭ, ದ್ವೇಷ, ಮೋಹಗಳನ್ನು ಬೆಳೆಸುತ್ತದೆಯೇ ಎಂದು ನೋಡುವ ಹೊಣೆ ನಮ್ಮದು.

ನನಗೆ ನೆರವಾದದ್ದು ಒಂದು ಜಗಳ. ಸಾಕಷ್ಟು ಆಧಾರವಿಲ್ಲದೆ ಏನನ್ನೂ ನಂಬುವುದು ತಪ್ಪೆಂದು ಬ್ರಿಟಿಷ್ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ವಾದಿಸಿದರು. ಬುದ್ಧಿಯಿಂದ ತೀರ್ಮಾನಿಸಲಾಗದ, ಆದರೆ ಬದುಕಿಗೆ ನಿರ್ಣಾಯಕವಾದ ಆಯ್ಕೆಗಳಲ್ಲಿ ನಂಬುವ ಹಕ್ಕು ನಮಗುಂಟೆಂದು ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ ಉತ್ತರಿಸಿದರು. ಇಬ್ಬರನ್ನೂ ಓದಿ, ಯಾರ ಪಕ್ಷವನ್ನೂ ಸೇರದೆ ಒಂದು ತಿಂಗಳು ಸುಮ್ಮನಿದ್ದೆ. ಪಂಥದಲ್ಲಿ ನನಗೆ ಇಂಥ ತಿಂಗಳು ಸಿಕ್ಕಿರಲೇ ಇಲ್ಲ.

ಮೂರನೆಯ ಉತ್ತರ:
ಪ್ರಾರ್ಥನೆಯ ಬಗ್ಗೆ ಮಾತ್ರ ಹೇಳುತ್ತೇನೆ. ಅದನ್ನು ಬಿಟ್ಟ ದಿನ ಏನಾಗುತ್ತದೆಂದು ಗಮನಿಸಿ. ‘ಏನಾದರೂ ಕೆಟ್ಟದ್ದು ನಡೆದರೆ’ ಎಂದು ಎದೆ ಬಡಿದುಕೊಂಡರೆ ಅದು ಭಯ. ಬಹಳ ದಿನದಿಂದ ಕಾಣದ ಗೆಳೆಯನ ನೆನಪಾದಂತಾದರೆ ಬೇರೇನೋ. ಭಯ ನಿದ್ದೆಯನ್ನೇ ಕೆಡಿಸುತ್ತಿದ್ದರೆ ವಾದಗಳಿಂದ ಅದು ಹೋಗುವುದಿಲ್ಲ, ಆಪ್ತಸಲಹೆಗಾರರನ್ನು ಕಾಣಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಪಂಥದ ಪದಗಳಿಲ್ಲದೆ ಒಂದು ಪ್ರಾರ್ಥನೆಯನ್ನು ಬರೆಯಲು ನಿನ್ನೆ ರಾತ್ರಿ ಕುಳಿತೆ. ಒಂದು ಗಂಟೆಯಲ್ಲಿ ಎರಡೇ ಸಾಲು ಬಂದವು, ಎರಡೂ ಪ್ರಶ್ನೆಗಳೇ. ಯಾರನ್ನು ಕೇಳುತ್ತಿದ್ದೇನೆಂದು ಗೊತ್ತಿಲ್ಲದ ಕಾರಣ ಸಂಬೋಧನೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.